ನಿಯಮ ಮೊದಲು ಟೇಬಲ್‌ನಲ್ಲಿ, ಆಮೇಲೆ ವ್ಯೂನಲ್ಲಿ

ಡೇಟಾಬೇಸ್‌ಗೆ ಹೋಗೋ ಡೇಟಾ ಸರಿ ಇದೆಯಾ ಅಂತ ನೋಡೋ ಕೆಲಸವನ್ನು ಅಪ್ಲಿಕೇಶನ್ ಕೋಡ್‌ಗೆ ಮಾತ್ರ ಬಿಡಬೇಡಿ. ನಾಳೆ ಯಾರೋ ಒಂದು ಸ್ಕ್ರಿಪ್ಟ್ ಬರೆದು ನೇರವಾಗಿ ಟೇಬಲ್‌ಗೇ ಸಾಲು ತುಂಬಿದರೆ ನಿಮ್ಮ ಕೋಡ್‌ಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಟೇಬಲ್‌ನಲ್ಲಿ ಹೇಳಬಹುದಾದ ನಿಯಮವನ್ನು ಟೇಬಲ್‌ನಲ್ಲೇ ಹೇಳಿ.

ಆರ್ಡರ್ ಟೇಬಲ್ ಇದೆ ಅಂದುಕೊಳ್ಳಿ. ಗ್ರಾಹಕರ ಐಡಿಗೆ ಫಾರಿನ್ ಕೀ (ಆ ಐಡಿ ಗ್ರಾಹಕರ ಟೇಬಲ್‌ನಲ್ಲಿ ಇರಲೇಬೇಕು ಅನ್ನೋ ನಿಯಮ), ಪ್ರಮಾಣ 0ಗಿಂತ ಜಾಸ್ತಿ ಇರಬೇಕು ಅಂತ ಒಂದು ಚೆಕ್. ಇಷ್ಟಕ್ಕೇ ನಿಲ್ಲಿಸಬೇಡಿ. ಪ್ರಮಾಣ ನಲ್, ಅಂದರೆ ಏನೂ ತುಂಬದೆ ಖಾಲಿ, ಆಗಿದ್ದರೆ ಚೆಕ್‌ನ ಉತ್ತರ ಸರಿಯೂ ಅಲ್ಲ, ತಪ್ಪೂ ಅಲ್ಲ, ಮತ್ತು ತಪ್ಪು ಅಂತ ಬಂದರೆ ಮಾತ್ರ ಚೆಕ್ ತಡೆಯುವುದರಿಂದ ಆ ಸಾಲು ಸುಮ್ನೆ ಒಳಗೆ ಹೋಗುತ್ತದೆ. ನಾಟ್ ನಲ್ ಕೂಡ ಹಾಕಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ 8.0.16ಕ್ಕಿಂತ ಹಳೆಯ ಆವೃತ್ತಿ ಇದ್ದರೆ ಇನ್ನೂ ಎಚ್ಚರ: ಚೆಕ್ ಬರೆದರೆ ಎರರ್ ಕೊಡದೆ ಒಪ್ಪಿಕೊಳ್ಳುತ್ತದೆ, ಆದರೆ ಜಾರಿ ಮಾಡುವುದಿಲ್ಲ.

ಈಗ ವ್ಯೂ, ಅಂದರೆ ಟೇಬಲ್‌ನಂತೆ ಬಳಸಬಹುದಾದ, ಹೆಸರಿಟ್ಟ ಕ್ವೆರಿ. ಸ್ಟೇಟಸ್ 'ಓಪನ್' ಇರುವ ಆರ್ಡರ್‌ಗಳಿಗೆ ಮಾತ್ರ ಒಂದು ವ್ಯೂ ಮಾಡಿದಿರಿ. ಅದರ ಮೂಲಕ ಯಾರಾದರೂ 'ಕ್ಲೋಸ್ಡ್' ಅಂತ ಸಾಲು ಸೇರಿಸಿದರೆ ಏನಾಗುತ್ತದೆ? ಸೇರಿಕೊಳ್ಳುತ್ತದೆ, ಆದರೆ ಅದೇ ವ್ಯೂನಲ್ಲಿ ಕಾಣುವುದಿಲ್ಲ. ವ್ಯೂನ ಕೊನೆಗೆ ವಿತ್ ಚೆಕ್ ಆಪ್ಷನ್ ಸೇರಿಸಿ, ಅಂಥ ಸಾಲು ಅಲ್ಲೇ ಎರರ್ ಆಗುತ್ತದೆ.

ವ್ಯೂನ ನಿಜವಾದ ಲಾಭ ಇರೋದು ಇನ್ನೊಂದು ಕಡೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ಚೆಕ್ ಒಳಗೆ ಬೇರೆ ಟೇಬಲ್ ಮೇಲೆ ಸಬ್‌ಕ್ವೆರಿ (ಒಳಗಿನ ಇನ್ನೊಂದು ಕ್ವೆರಿ) ಬರೆಯಲು ಬಿಡುವುದಿಲ್ಲ, ಆದರೆ ವ್ಯೂನ ವೇರ್‌ನಲ್ಲಿ, ಅಂದರೆ ಸಾಲು ಆರಿಸುವ ಷರತ್ತಿನಲ್ಲಿ, ಬರೆಯಬಹುದು. 'ಈ ಗ್ರಾಹಕರ ಖಾತೆ ಚಾಲ್ತಿಯಲ್ಲಿದೆಯಾ' ಅನ್ನೋದನ್ನು ಎಕ್ಸಿಸ್ಟ್ಸ್ (ಅಂಥ ಸಾಲು ಇದೆಯಾ ಅನ್ನೋ ಪರೀಕ್ಷೆ) ಹಾಕಿ ಅಲ್ಲಿ ಕೇಳಿ. ಆದರೆ ಈ ಪರೀಕ್ಷೆ ನಡೆಯುವುದು ವ್ಯೂ ಮೂಲಕ ಬರೆಯುವ ಕ್ಷಣದಲ್ಲಿ ಮಾತ್ರ. ಆಮೇಲೆ ಖಾತೆ ಮುಚ್ಚಿದರೆ ಹಳೆಯ ಆರ್ಡರ್ ಹಾಗೇ ಉಳಿಯುತ್ತದೆ. ಅದನ್ನೂ ತಡೆಯಬೇಕಾದರೆ ಟ್ರಿಗರ್ (ಡೇಟಾ ಬದಲಾದಾಗ ತಾನಾಗಿ ಓಡುವ ಕೋಡ್) ಬೇಕು.

ಇಷ್ಟೆಲ್ಲ ಮಾಡಿ ಮೂಲ ಟೇಬಲ್‌ನ ಬಾಗಿಲು ತೆರೆದಿಟ್ಟರೆ ಏನು ಪ್ರಯೋಜನ, ಅಲ್ವಾ? ಅಪ್ಲಿಕೇಶನ್ ಬಳಸುವ ಯೂಸರ್‌ನಿಂದ ಟೇಬಲ್‌ನ ಇನ್ಸರ್ಟ್, ಅಪ್‌ಡೇಟ್ ಹಕ್ಕು ವಾಪಸ್ ಪಡೆದು, ವ್ಯೂ ಮೇಲೆ ಮಾತ್ರ ಕೊಡಿ.

'ಒಬ್ಬ ಗ್ರಾಹಕರಿಗೆ ಒಂದೇ ಓಪನ್ ಆರ್ಡರ್' ಅನ್ನೋ ನಿಯಮಕ್ಕೆ ಮಾತ್ರ ವ್ಯೂ ಬೇಡ, ಯಾಕೆಂದರೆ ಇಬ್ಬರು ಒಟ್ಟಿಗೆ ಬರೆದಾಗ ಒಬ್ಬರ ಸಾಲು ಇನ್ನೊಬ್ಬರಿಗೆ ಕಾಣದೆ ಎರಡೂ ಒಳಗೆ ಹೋಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ವೇರ್ ಇರುವ ಯೂನಿಕ್ ಇಂಡೆಕ್ಸ್ (ಷರತ್ತಿಗೆ ಸೇರುವ ಸಾಲುಗಳಲ್ಲಿ ಒಂದೇ ಐಡಿ ಎರಡು ಸಲ ಬರದಂತೆ ತಡೆಯುವ ಇಂಡೆಕ್ಸ್) ಹಾಕಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದಕ್ಕೆ ಫಿಲ್ಟರ್ಡ್ ಇಂಡೆಕ್ಸ್ ಅಂತಾರೆ.