ಉಣ್ಣೆ ಕೆಡುವುದು ಕತ್ತರಿಗೂ ಮೊದಲೇ

ಹತ್ತಿಪ್ಪತ್ತು ಕುರಿ, ಮೇಕೆ ಇಟ್ಟುಕೊಂಡವರು ಉಣ್ಣೆಯ ತೂಕದಲ್ಲಿ ದೊಡ್ಡ ಹಿಂಡಿನವರನ್ನು ಸರಿಗಟ್ಟಲಾರರು. ಅವರು ಗೆಲ್ಲಬಹುದಾದದ್ದು ಗುಣಮಟ್ಟದಲ್ಲಿ. ಅದಕ್ಕೆ ವರ್ಷವಿಡೀ ಗಮನ ಬೇಕು.

ಮೊದಲು ತಳಿ ಆರಿಸಿ. ನಯವಾದ ಉಣ್ಣೆಗೆ ಮೆರಿನೊ ಕುರಿ. ಎಳೆಯ ದಪ್ಪ ಸುಮಾರು 17ರಿಂದ 24 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಮೊಹೇರ್ ಎಂಬ ಹೊಳಪಿನ ಕೂದಲಿಗೆ ಅಂಗೋರಾ ಮೇಕೆ. ಮೊಹೇರನ್ನು ವರ್ಷಕ್ಕೆ ಎರಡು ಸಲ ಕತ್ತರಿಸಬಹುದು. ಮರಿಗಳ ಕೂದಲೇ ಅತಿ ನಯ, ವಯಸ್ಸಾದಂತೆ ಒರಟಾಗುತ್ತದೆ. ಕ್ಯಾಶ್ಮಿಯರ್ ಮೇಕೆಯ ಒಳತುಪ್ಪಟವನ್ನು (ಒರಟು ಹೊರಗೂದಲಿನ ಕೆಳಗಿನ ನಯವಾದ ಕೂದಲನ್ನು) ಚಳಿಗಾಲ ಮುಗಿದು ಉದುರತೊಡಗಿದಾಗ ಬಾಚಿ ತೆಗೆಯಬೇಕು. ಹೆಚ್ಚಿನವುಗಳಿಂದ ವರ್ಷಕ್ಕೆ ಅರ್ಧ ಕೆ.ಜಿ.ಯೂ ಸಿಗದು. ಹೊಸಬರು ಇದಕ್ಕೆ ಕೈಹಾಕದಿರುವುದೇ ಲೇಸು.

ಇನ್ನು ಮೇವು. ಹೊಟ್ಟೆಗೆ ಕಡಿಮೆಯಾದ ದಿನಗಳಲ್ಲಿ, ಜ್ವರ ಬಂದಾಗ, ಜಂತುಹುಳು ಕಾಡಿದಾಗ ಬೆಳೆದ ಎಳೆ ಅಷ್ಟುದ್ದ ಸಣಕಲಾಗಿ, ಎಳೆದರೆ ಅಲ್ಲೇ ತುಂಡಾಗುತ್ತದೆ. ಪರೀಕ್ಷೆ ಸುಲಭ: ಪಕ್ಕೆಯಿಂದ ಒಂದು ಸಣ್ಣ ಎಸಳು ಕತ್ತರಿಸಿ, ಎರಡೂ ತುದಿ ಹಿಡಿದು ಕಿವಿಯ ಬಳಿ ಪಟ್ಟನೆ ಜಗ್ಗಿ. ತಂತಿ ಮೀಟಿದಂತೆ ಕೇಳಿಸಿದರೆ ಗಟ್ಟಿ. ಚಟಚಟ ಅಂದರೆ ಎಳೆಗಳು ಮುರಿಯುತ್ತಿವೆ. ಗಬ್ಬದ ಕೊನೆಯ ವಾರಗಳಲ್ಲಿ, ಮರಿ ಹಾಲು ಕುಡಿಯುವಾಗ ಮೇವು ಹೆಚ್ಚಿಸಲೇಬೇಕು. ಕುರಿ, ಮೇಕೆ ಎರಡನ್ನೂ ಒಂದೇ ದೊಡ್ಡಿಯಲ್ಲಿ ಕಟ್ಟಿದರೂ ಖನಿಜ ಮಿಶ್ರಣ ಮಾತ್ರ ಬೇರೆ ಬೇರೆ ಇರಲಿ: ಮೇಕೆಗೆ ಬೇಕಾದಷ್ಟು ತಾಮ್ರ ಕುರಿಗೆ ವಿಷವಾದೀತು.

ಗೋದಲಿ ತಲೆಗಿಂತ ಎತ್ತರದಲ್ಲಿದ್ದರೆ ಹೊಟ್ಟು, ಧೂಳೆಲ್ಲ ಕತ್ತಿನ ಮೇಲೆಯೇ. ತಗ್ಗಿಸಿ ಕಟ್ಟಿ. ಅಂಟುವ ಬೀಜದ ಕಳೆಗಿಡಗಳನ್ನು ಬೀಜ ಬಲಿಯುವ ಮುಂಚೆಯೇ ಕಿತ್ತುಹಾಕಿ. ಮೇವಿನ ಹೊರೆಯ ಪ್ಲಾಸ್ಟಿಕ್ ದಾರ ಬಲು ಕೆಟ್ಟದ್ದು. ಅದರ ಎಳೆ ಉಣ್ಣೆಗೆ ಸೇರಿದರೆ ನೂಲಿನವರೆಗೂ ಹೋಗುತ್ತದೆ, ಬಣ್ಣವನ್ನೂ ಹಿಡಿಯದು.

ಕತ್ತರಿಸುವ ಹಿಂದಿನ ರಾತ್ರಿ ಮೇವು ಹಾಕಬೇಡಿ. ಮೈ ಪೂರ್ತಿ ಒಣಗಿರಲಿ, ಒದ್ದೆ ಉಣ್ಣೆಗೆ ಬೂಷ್ಟು ಹಿಡಿಯುತ್ತದೆ. ಬಿಳಿಯವನ್ನು ಮೊದಲು ಮುಗಿಸಿ, ಕಪ್ಪು, ಕಂದು ಆಮೇಲೆ. ಕತ್ತರಿ ಚರ್ಮಕ್ಕೆ ಒತ್ತಾಗಿ ಒಂದೇ ಸಲ ಓಡಲಿ. ಉಳಿದ ಮೋಟನ್ನು ಮತ್ತೆ ಸವರಿದರೆ ಬರುವ ತುಣುಕುಗಳು ನೂಲಿನಲ್ಲಿ ಗಂಟಾಗಿ ಕಾಡುತ್ತವೆ. ಹಾಗೇ ಬಿಡಿ, ನೋಡಲು ಚೆನ್ನಾಗಿಲ್ಲದಿದ್ದರೇನಂತೆ!

ತೆಗೆದ ತುಪ್ಪಟವನ್ನು ಜಾಲರಿ ಮೇಜಿನ ಮೇಲೆ ಹರಡಿ, ಹಿಕ್ಕೆ ಅಂಟಿದ ಅಂಚು, ಹೊಟ್ಟೆ, ಕಾಲಿನ ಭಾಗ ಬೇರ್ಪಡಿಸಿ. ಉಳಿದದ್ದನ್ನು ಸುತ್ತಿ ಒತ್ತಾದ ಹತ್ತಿಬಟ್ಟೆಯ ಚೀಲಕ್ಕೆ ತುಂಬಿ, ತಳಿ, ವಯಸ್ಸು, ತಾರೀಕು ಬರೆದ ಚೀಟಿ ಕಟ್ಟಿ. ಬೋಳಾದ ಅಂಗೋರಾ ಮೇಕೆಗಳನ್ನು ಕೆಲವು ವಾರ ಮಳೆ, ಚಳಿಗಾಳಿಗೆ ಬಿಡಬೇಡಿ. ಒಂದೇ ರಾತ್ರಿಯ ಥಂಡಿಗೆ ಸಾಯಬಹುದು.