ಕೀಟನಾಶಕ ನೋಂದಣಿ ಆನ್‌ಲೈನ್ ಆಗಿದೆ: ಪೋರ್ಟಲ್‌ಗಿಂತ ಮೊದಲು ಅಲ್ಮಾರಿ ತೆಗೀರಿ

ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಸಣ್ಣ ಎಣ್ಣಿ (ಅಂದರೆ ಕೀಟನಾಶಕ) ಕಂಪನಿಗಳಿಗೆ ನೋಂದಣಿ ಫೈಲು ಮಾಡಿಕೊಡುವುದು ನನ್ನ ಕೆಲಸ. ಇದಕ್ಕೆ ಮುಂಚೆ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಫರಿದಾಬಾದಿನಲ್ಲಿರುವ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಮಿತಿ ಆನ್‌ಲೈನ್ ಅರ್ಜಿಗೆಂದು ಕ್ರಾಪ್ ಪೋರ್ಟಲ್ ತಂದ ಮೇಲೆ ಸಾಹುಕಾರರ ಫೋನೆಲ್ಲ ಒಂದೇ ಥರ: "ಮೇಡಂ, ಲಾಗಿನ್ ಆಗಿ ಅಪ್‌ಲೋಡ್ ಮಾಡಿಬಿಡ್ರಿ, ಮುಗೀತಲ್ಲ!" ಅಪ್‌ಲೋಡ್ ಮಾಡೋದೇನು ಮಹಾ ಕೆಲಸ? ಏನನ್ನು ಅಪ್‌ಲೋಡ್ ಮಾಡಬೇಕೋ ಅದು ಕಂಪನಿಯಲ್ಲಿ ನಾಲ್ಕು ಕಡೆ ನಾಲ್ಕು ರೀತಿ ಬಿದ್ದಿರುತ್ತದೆ, ತಲೆನೋವು ಅಲ್ಲಿದೆ. ಕಾಗದದ ಕಾಲದಲ್ಲಿ ಗುಮಾಸ್ತರು ಕಣ್ಣಾಡಿಸಿ "ಇರಲಿ ಬಿಡಿ" ಅಂದುಬಿಡುತ್ತಿದ್ದ ವ್ಯತ್ಯಾಸಗಳು ಈಗ ಅರ್ಜಿಯನ್ನೇ ನಿಲ್ಲಿಸುತ್ತವೆ.

ಮೊದಲು ಹೆಸರು, ವಿಳಾಸ. ಪ್ಯಾನ್, ಜಿಎಸ್‌ಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಕಾರ್ಖಾನೆ ಲೈಸೆನ್ಸ್, ಕೃಷಿ ಇಲಾಖೆಯ ಉತ್ಪಾದನಾ ಪರವಾನಗಿ, ಹಳೆಯ ನೋಂದಣಿ ಪತ್ರ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ಹೋಲಿಸಿ. ಒಂದರಲ್ಲಿ 'ಅಂಡ್ ಕಂಪನಿ', ಇನ್ನೊಂದರಲ್ಲಿ 'ಅಂಡ್ ಕೋ'. ನಮ್ಮ ಭಾಗದವರಿಗೆ ಇದರ ಜೊತೆ ಇನ್ನೆರಡು ತೊಡಕುಂಟು. 2014ರ ನವೆಂಬರ್‌ನಲ್ಲಿ ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು, ಹಳೆಯ ಪತ್ರಗಳಲ್ಲಿ ಹಳೆಯದೇ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಹೊಸಪೇಟೆ ಕಡೆಯ ಗೋದಾಮಿನ ಕಾಗದಗಳಲ್ಲಿ ಜಿಲ್ಲೆ ಇನ್ನೂ ಬಳ್ಳಾರಿಯೇ. ಅರ್ಜಿ ತುಂಬುವ ಮೊದಲೇ ತಿದ್ದುಪಡಿಗೆ ಕೊಡಿ. ಅರ್ಜಿ ಹೋದ ಮೇಲೆ ತಿದ್ದಿಸಲು ಹೊರಟರೆ ಎರಡು ಕಚೇರಿಗಳ ನಡುವೆ ಓಡಾಟ ಶುರು.

ಆಮೇಲೆ ಸಹಿ, ಓಟಿಪಿ. ಡಿಜಿಟಲ್ ಸಹಿಯ ಟೋಕನ್ ಎಲ್ಲಿದೆ ಅಂತ ಕೇಳಿದರೆ ಹೆಚ್ಚಿನವರ ಉತ್ತರ "ಆಡಿಟರ್ ಹತ್ರ ಐತ್ರಿ". ತರಿಸಿಕೊಳ್ಳಿ. ಅವಧಿ ಯಾವಾಗ ಮುಗಿಯುತ್ತದೆ, ಯಾರ ಹೆಸರಿನಲ್ಲಿದೆ, ಆ ವ್ಯಕ್ತಿಗೆ ಕಂಪನಿಯ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ ಇದೆಯೇ ನೋಡಿ. ಮೊಬೈಲ್ ನಂಬರು, ಇಮೇಲ್ ಕಂಪನಿಯದ್ದೇ ಆಗಿರಲಿ. ಒಂದು ಕಂಪನಿಯ ಓಟಿಪಿಯೆಲ್ಲ ಕೆಲಸ ಬಿಟ್ಟು ಹೈದರಾಬಾದ್ ಸೇರಿದ ಹುಡುಗನ ಫೋನಿಗೆ ಹೋಗುತ್ತಿತ್ತು. ಪಾಪ, ಅವನು ಒಳ್ಳೆಯವನು, ಪ್ರತಿ ಸಲ ಹೇಳುತ್ತಿದ್ದ. ಎಲ್ಲರ ನಸೀಬು ಹಾಗಿರಲ್ಲ.

ಅರ್ಜಿ ಯಾವ ಕಲಮಿನಡಿ ಎನ್ನುವುದನ್ನೂ ಮೊದಲೇ ತೀರ್ಮಾನಿಸಿ. ಪೋರ್ಟಲ್ ಬಂತೆಂದು 1968ರ ಕೀಟನಾಶಕ ಕಾಯ್ದೆಯೇನೂ ಬದಲಾಗಿಲ್ಲ. ಈಗಾಗಲೇ ಇನ್ನೊಬ್ಬರು ನೋಂದಣಿ ಮಾಡಿಸಿದ ಉತ್ಪನ್ನವನ್ನೇ ನೀವೂ ಮಾಡುವುದಾದರೆ ಕಲಂ 9(4), ನಮ್ಮ ಭಾಷೆಯಲ್ಲಿ 'ಮೀ ಟೂ'. ಸಣ್ಣ ಯೂನಿಟ್‌ಗಳ ಕೆಲಸ ಬಹುಪಾಲು ಇದೇ. ಹೊಸ ಉತ್ಪನ್ನಕ್ಕೆ 9(3), ಅಲ್ಲಿ ದತ್ತಾಂಶದ ಹೊರೆ ಬೇರೆಯೇ. ಅದಕ್ಕೆ ವಿಷಕಾರಿತ್ವದ ವರದಿಗಳು, ಹಲವು ಕಡೆಯ ಪ್ರಯೋಗಗಳು ಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯದಂಥ ಕಡೆ ಹಂಗಾಮು ಹಿಡಿದು ಪ್ರಯೋಗ ಮಾಡಿಸಬೇಕು, ಹತ್ತಿಯ ಹಂಗಾಮು ತಪ್ಪಿದರೆ ವರ್ಷ ಕಾಯಬೇಕು. ನಿಮ್ಮ ಪಟ್ಟಿಯಲ್ಲಿರುವ ಉತ್ಪನ್ನ ನಿಷೇಧವಾಗಿಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ಡೈಕ್ಲೋರ್‌ವಾಸ್, ಫೋರೇಟ್, ಟ್ರೈಅಜೋಫಾಸ್ 2020ರ ಕೊನೆಗೇ ಮುಗಿದವು, ಕೆಲವರ ಹಳೆಯ ಎಕ್ಸೆಲ್ ಹಾಳೆಯಲ್ಲಿ ಇನ್ನೂ ಬದುಕಿವೆ.

ಈಗ ನನ್ನನ್ನು ಹೆಚ್ಚು ಕಾಡುವ ಭಾಗ, ಮಿಶ್ರಣದ ಪಟ್ಟಿ. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ (ನೀರಲ್ಲಿ ಕರಗುವ ದ್ರವ ಕೀಟನಾಶಕ) ತೆಗೆದುಕೊಳ್ಳಿ. 100 ಕಿಲೋದಲ್ಲಿ ಸಕ್ರಿಯ ಅಂಶ, ಅಂದರೆ ಕೀಟ ಕೊಲ್ಲುವ ಭಾಗ, 17.8 ಕಿಲೋ ಇರಬೇಕು, ಉಳಿದದ್ದು 82.2. ಆದರೆ ಪ್ಲಾಂಟಿಗೆ ಬರುವ ಟೆಕ್ನಿಕಲ್ (ಸಕ್ರಿಯ ಅಂಶದ ಕಚ್ಚಾ ಸರಕು) ಪೂರಾ ಶುದ್ಧ ಇರುವುದಿಲ್ಲ. 94 ಪರ್ಸೆಂಟ್ ಇದ್ದರೆ 18.94 ಕಿಲೋ ಹಾಕಬೇಕು. ಬ್ಯಾಚ್ ಶೀಟಿನಲ್ಲಿ 18.94 ಅಂತ ಬರೆಯುತ್ತಾರೆ, ಅದು ಸರಿ. ನೋಂದಣಿ ಫೈಲಿನಲ್ಲಿ 17.8 ಇರುತ್ತದೆ, ಅದೂ ಸರಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ಮೇಲಿನ ಸಾಲನ್ನು ಬ್ಯಾಚ್ ಶೀಟಿನಿಂದ, ಕೆಳಗಿನ ಸಾಲುಗಳನ್ನು ಫೈಲಿನಿಂದ ಎತ್ತಿದರೆ ಒಟ್ಟು 101.14 ಆಗುತ್ತದೆ. ಸಾಲ್ವೆಂಟ್ ಕಡಿಮೆ ಮಾಡಿ ನೂರಕ್ಕೆ ಕೂಡಿಸಿಬಿಡುವವರೂ ಇದ್ದಾರೆ, ಅದು ಇನ್ನೂ ಅಪಾಯ: ಆಮೇಲೆ ನಿಮ್ಮ ಲೇಬಲ್ಲೇ ನಿಮ್ಮ ವಿರುದ್ಧ ಸಾಕ್ಷಿ. ಪ್ರತಿ ಉತ್ಪನ್ನಕ್ಕೂ ಒಂದೇ ಒಂದು ಹಾಳೆ ಮಾಡಿ, ಸಕ್ರಿಯ ಅಂಶದ ಲೆಕ್ಕದಲ್ಲೇ ಬರೆಯಿರಿ, ಕೆಮಿಸ್ಟ್ ಮತ್ತು ಮಾಲೀಕರು ಇಬ್ಬರೂ ಸಹಿ ಹಾಕಲಿ. ಬೇರೆ ಯಾವ ಕಾಗದದಿಂದಲೂ ಅಂಕಿ ಎತ್ತಬಾರದು.

ಪ್ರಮಾಣದ ಕಥೆಯೂ ಹೀಗೇ. ಇದೇ ಔಷಧಿಗೆ ಭತ್ತ, ಹತ್ತಿಯಲ್ಲಿ ಹೆಕ್ಟೇರಿಗೆ 100ರಿಂದ 125 ಮಿಲಿ. ಸಿರುಗುಪ್ಪದ ರೈತ ಕೇಳುವುದು ಎಕರೆ ಲೆಕ್ಕ, 40ರಿಂದ 50 ಮಿಲಿ. ಸೇಲ್ಸ್‌ನವರು ಕರಪತ್ರಕ್ಕೆಂದು ಬರೆದ ಎಕರೆ ಅಂಕಿ ಹೆಕ್ಟೇರಿನ ಕಾಲಂ ಹೊಕ್ಕಿದ್ದನ್ನು ನಾನು ನೋಡಿದ್ದೇನೆ. ಅನುಮೋದನೆಯಲ್ಲಿ ಇಲ್ಲದ ಬೆಳೆಯನ್ನು "ಇದಕ್ಕೂ ಹೊಡೀತಾರಲ್ರೀ" ಅಂತ ಸೇರಿಸುವುದಂತೂ ಬೇಡವೇ ಬೇಡ.

ಲೇಬಲ್, ಕರಪತ್ರಗಳ ಕನ್ನಡಕ್ಕೆ ಬರೋಣ. ಮಾರುವ ಊರಿನ ಭಾಷೆಯಲ್ಲಿ ಇರಬೇಕೆಂದು ನಿಯಮವೇ ಹೇಳುತ್ತದೆ. ನಮ್ಮ ಎಷ್ಟೋ ಲೇಬಲ್‌ಗಳು ಶಿವಕಾಶಿಯಲ್ಲೋ ಹೈದರಾಬಾದಿನಲ್ಲೋ ಕನ್ನಡ ಓದಲು ಬಾರದವರ ಕೈಯಲ್ಲಿ ತಯಾರಾಗಿ ಬರುತ್ತವೆ. ಅಕ್ಷರ ಹಳೆಯ ನುಡಿ ಇಲ್ಲವೇ ಬರಹ ಫಾಂಟಿನದ್ದು. ಕೋರೆಲ್‌ಡ್ರಾದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ 'ವಿಷ' ಎಂಬುದರ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಎಲ್ಲ ಪಠ್ಯವನ್ನೂ ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿಸಿ, ಫಾಂಟ್ ಒಳಸೇರಿಸಿದ ಪಿಡಿಎಫ್ ಕೇಳಿ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಆಮೇಲೆ ಕನ್ನಡ ಬಲ್ಲ ಒಬ್ಬರು ಜೋರಾಗಿ ಓದಲಿ, ಮುಖ್ಯವಾಗಿ ಪ್ರಥಮ ಚಿಕಿತ್ಸೆಯ ಸಾಲುಗಳನ್ನು. ಒಂದು ಕರಡಿನಲ್ಲಿ 'ವಾಂತಿ ಮಾಡಿಸಬಾರದು' ಎಂಬುದರ 'ಬಾರದು' ಮುಂದಿನ ಸಾಲಿಗೆ ಜಾರಿ ಚೌಕದ ಹೊರಗೆ ಮಾಯವಾಗಿತ್ತು.

ವಿಷದ ಗುರುತಿನ ವಜ್ರಾಕಾರದ ಚೌಕವು ಲೇಬಲ್ ಮುಖದ 16ನೇ ಒಂದು ಭಾಗಕ್ಕಿಂತ ಕಡಿಮೆ ಇರಕೂಡದು. ಕೆಂಪು, ಹಳದಿ, ನೀಲಿ, ಹಸಿರು ನಾಲ್ಕರಲ್ಲಿ ನಿಮ್ಮ ಉತ್ಪನ್ನಕ್ಕೆ ಯಾವುದೋ ಅದೇ ಇರಲಿ. ಹಳದಿ ಮುದ್ರಣದಲ್ಲಿ ಹಸಿರಿಗೆ ತಿರುಗಿದ್ದರೆ ಪ್ರೆಸ್ಸಿನವರ ಜೊತೆ ಜಗಳಕ್ಕೆ ಬಿದ್ದಾದರೂ ಸರಿಮಾಡಿಸಿ.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚೇನಿಲ್ಲ. ವಾಟ್ಸಾಪ್ ಫೋಟೋ ಬೇಡ. ಮೂಲ ಪತ್ರದಿಂದಲೇ ನೇರವಾಗಿ ಸ್ಕ್ಯಾನ್ ಮಾಡಿ, ಪುಟಕ್ಕೆ ನಂಬರು ಹಾಕಿ, ಫೈಲಿನ ಹೆಸರಿನಲ್ಲಿ ಉತ್ಪನ್ನ ಮತ್ತು ದಿನಾಂಕ ಇರಲಿ. 'ಫೈನಲ್', 'ಫೈನಲ್ ನ್ಯೂ', 'ಫೈನಲ್ ನ್ಯೂ 2' ನೋಡಿ ನೋಡಿ ಸಾಕಾಗಿದೆ. ಯುಪಿಎಸ್ ಇಟ್ಟುಕೊಳ್ಳಿ. ಶಕ್ತಿನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರವಿದ್ದರೂ ಫೀ ಕಟ್ಟುವ ಹೊತ್ತಿಗೇ ನಮ್ಮಲ್ಲಿ ಕರೆಂಟ್ ಹೋಗುತ್ತದೆ.

ಅರ್ಜಿ ಹೋದ ಮೇಲೆ ಸ್ವೀಕೃತಿ ಪತ್ರ, ಹಣ ಕಟ್ಟಿದ ರಸೀದಿ, ಕಳಿಸಿದ ಪ್ರತಿಯೊಂದು ಪಿಡಿಎಫ್ ಹಾಗೆಯೇ ಒಂದು ಫೋಲ್ಡರಿನಲ್ಲಿ ಇಡಿ, ಅದರೊಳಗೆ ಮತ್ತೆ ಯಾರೂ ತಿದ್ದಬಾರದು. ದಿನಾ ಬೆಳಿಗ್ಗೆ ಲಾಗಿನ್ ಆಗಿ ಕೊರತೆ ಪತ್ರ (ಅರ್ಜಿಯಲ್ಲಿ ಏನು ಕಡಿಮೆ ಬಿದ್ದಿದೆ ಎಂದು ತಿಳಿಸುವ ಪತ್ರ) ಬಂದಿದೆಯೇ ಎಂದು ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದುಕೊಡಿ, ಅವರು ರಜೆ ಹೋದಾಗ ನೋಡುವ ಇನ್ನೊಬ್ಬರ ಹೆಸರನ್ನೂ ಬರೆಯಿರಿ. ಉತ್ತರಕ್ಕೆ ಕೊಟ್ಟ ಗಡುವು ಪತ್ರದ ದಿನಾಂಕದಿಂದಲೇ ಓಡುತ್ತದೆ.