ಶಾಲೆ ತೆರೆಯುವ ಮುಂಚಿನ ಎರಡು ವಾರ: ಹಳೇ ಯೂನಿಫಾರ್ಮಿಗೆ ಇನ್ನೊಂದು ವರ್ಷ, ಹಳೇ ಸೀರೆಗೆ ಕೌದಿ

ಮೇ ತಿಂಗಳ ಕೊನೆಗೆ ಶಾಲೆ ತೆರೆಯುತ್ತದೆ. ಜೂನ್ 1ರ ಆಸುಪಾಸಿಗೆ ಮುಂಗಾರು ಕೇರಳ ಮುಟ್ಟಿ, ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೂ ಬರುತ್ತದೆ. ಮನೆಯಲ್ಲಿ ಹೊಲಿಗೆ ಮಷೀನಿದ್ದರೆ ಬೇಸಿಗೆಯ ಈ ಕೊನೆಯ ಹದಿನೈದು ದಿನ ಬಲು ಬೆಲೆಯುಳ್ಳದ್ದು. ಯೂನಿಫಾರ್ಮು ಶಾಲೆಗೆ ಮುಂಚೆ ಮುಗಿಯಬೇಕು, ಕೌದಿ ಮಳೆಗೆ ಮುಂಚೆ ಮುಗಿಯಬೇಕು. ಟೈಲರ್ ಅಂಗಡಿಯಲ್ಲಿ ಆಗ ವಾರ ಕಾದರೂ ಬಟ್ಟೆ ಸಿಗುವುದಿಲ್ಲ. ಅಲ್ಲಿ ಮಾಡಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಆಗುವಂಥದ್ದು.

ಮೊದಲ ದಿನ ಸೂಜಿ ಮುಟ್ಟಬೇಡಿ. ಹೋದ ವರ್ಷದ ಯೂನಿಫಾರ್ಮೆಲ್ಲ ಹೊರತೆಗೆದು ಒಗೆದು ಒಣಗಿಸಿ. ಎರಡು ತಿಂಗಳು ಬೀರುವಿನಲ್ಲಿದ್ದ ಬಟ್ಟೆಯ ಮಡಿಕೆಗಳಲ್ಲಿ ಕೊಳೆ ಕೂತಿರುತ್ತದೆ. ಅದರ ಮೇಲೆ ಇಸ್ತ್ರಿ ಎಳೆದರೆ ಆ ಕೊಳೆಯ ಗೆರೆ ಆಮೇಲೆ ಹೋಗುವುದೇ ಇಲ್ಲ. ಒಣಗಿದ ಮೇಲೆ ಮಗುವಿಗೆ ತೊಡಿಸಿ, ಶಾಲೆಯ ಬೂಟು ಹಾಕಿಸಿ, ಬೆಲ್ಟು ಕಟ್ಟಿಸಿ, ಗೋಡೆಗೆ ಒರಗದೆ ನೆಟ್ಟಗೆ ನಿಲ್ಲಿಸಿ. ಸ್ಕರ್ಟು, ಪಿನಫೋರ್‌ಗಳ ಉದ್ದವನ್ನು ಸೊಂಟದಿಂದ ಕೆಳಕ್ಕೆ ಅಳೆಯಬಾರದು. ಮರದ ಸ್ಕೇಲನ್ನು ನೆಲಕ್ಕೆ ಊರಿ, ನೆಲದಿಂದ ಮೇಲಕ್ಕೆ ಅಳೆದು, ಸುತ್ತ ಆರೇಳು ಕಡೆ ಚಾಕಿನಲ್ಲಿ ಗುರುತು ಹಾಕಿ. ಮಗುವಿನ ಹೊಟ್ಟೆ, ಬೆನ್ನಿನ ಆಕಾರಕ್ಕೆ ತಕ್ಕಂತೆ ಬಟ್ಟೆ ಒಂದು ಕಡೆ ಮೇಲೇರಿರುತ್ತದೆ. ಸೊಂಟದಿಂದ ಅಳೆದರೆ ಆ ವ್ಯತ್ಯಾಸ ಕಾಣುವುದಿಲ್ಲ, ಹೊಲಿದ ಮೇಲೆ ಅಂಚು ಓರೆಯಾಗುತ್ತದೆ.

ಎಷ್ಟು ಉದ್ದ ಬಿಡಬೇಕು? ಆರರಿಂದ ಹತ್ತು ವರ್ಷದ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಎತ್ತರವಾಗುತ್ತದೆ. ಅದರಲ್ಲಿ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು ಕಾಲಿನ ಪಾಲು. ಅಂದರೆ ಪ್ಯಾಂಟಿಗೆ ವರ್ಷಕ್ಕೆ ಒಂದರಿಂದ ಒಂದೂಕಾಲು ಇಂಚು ಸಾಕು. ಹನ್ನೊಂದರ ಮೇಲೆ ಮಕ್ಕಳು ಒಮ್ಮೆಲೇ ಉದ್ದವಾಗುವ ವರ್ಷ ಬರುತ್ತದೆ, ಆಗ ಎರಡು ಇಂಚೂ ಬೇಕಾದೀತು. ಹೊಸದಾಗಿ ಹೊಲಿಯುವಾಗ ಅಂಚಿನ ಒಳಮಡಿಕೆ ಮೂರು ಇಂಚು ಬಿಡಬೇಕು ಅನ್ನುವುದು ಇದೇ ಲೆಕ್ಕದಿಂದ. ಎರಡು ಸಲ ಇಳಿಸಿದರೂ ಮುಕ್ಕಾಲು ಇಂಚು ಮಡಿಕೆ ಉಳಿಯುತ್ತದೆ.

ಅಂಚು ಬಿಚ್ಚಿ ಉದ್ದ ಮಾಡುವುದು

ದಾರ ಹಿಡಿದು ಸರ್ರನೆ ಎಳೆಯಬೇಡಿ. ಯೂನಿಫಾರ್ಮಿನ ಟೆರಿಕಾಟ್ ಬಟ್ಟೆಯಲ್ಲಿ ಹಾಗೆ ಎಳೆದರೆ ನೂಲು ಸರಿದು ತೂತು ದೊಡ್ಡದಾಗುತ್ತದೆ. ಒಂದು ಬದಿಯಲ್ಲಿ ನಾಲ್ಕು ಹೊಲಿಗೆಗೊಂದರಂತೆ ದಾರ ಕತ್ತರಿಸುತ್ತ ಹೋಗಿ, ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆಯಿರಿ. ಇಡೀ ದಾರ ಒಂದೇ ಎಳೆಯಾಗಿ ಬರುತ್ತದೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಈ ಕೆಲಸ ಕೊಡಬಹುದು. ಕೈಗೆ ಬ್ಲೇಡ್ ಮಾತ್ರ ಕೊಡಬೇಡಿ, ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ಕೊಡಿ. ತಮ್ಮ ಬಟ್ಟೆಯನ್ನು ತಾವೇ ಬಿಚ್ಚಿದ ಮಕ್ಕಳು ವರ್ಷವಿಡೀ ಆ ಅಂಚನ್ನು ನೋಡಿಕೊಂಡು ನಡೆಯುತ್ತಾರೆ.

ಬಿಚ್ಚಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮಡಿಕೆಯ ಧೂಳು ತೆಗೆಯಿರಿ. ಬಿಳಿ ವಿನಿಗರ್, ನೀರು ಎರಡನ್ನೂ ಸಮಪಾಲು ಬೆರೆಸಿ, ತೆಳು ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಹಳೇ ಮಡಿಕೆಯ ಮೇಲಿಟ್ಟು ಇಸ್ತ್ರಿ ಒತ್ತಿ. ಮೊದಲು ಒಳಭಾಗದ ಒಂದು ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಒದ್ದೆ ಬಟ್ಟೆಯಿಲ್ಲದೆ ಬಿಸಿ ಇಸ್ತ್ರಿಯನ್ನು ನೇರವಾಗಿ ಒತ್ತಿದರೆ ಕಡುನೀಲಿ, ಬೂದು ಬಟ್ಟೆಗೆ ಹೊಳಪು ಹತ್ತುತ್ತದೆ. ಅದು ನೂಲಿನಲ್ಲಿರುವ ಪಾಲಿಯೆಸ್ಟರ್ ಕರಗಿ ಚಪ್ಪಟೆಯಾದ ಗುರುತು, ಮತ್ತೆ ಸರಿಹೋಗುವುದಿಲ್ಲ.

ಇದರಿಂದ ಮಡಿಕೆ ಹೋಗುತ್ತದೆ, ಬಣ್ಣ ಹೋದ ಬಿಳಿ ಗೆರೆ ಹೋಗುವುದಿಲ್ಲ. ವರ್ಷವಿಡೀ ಉಜ್ಜಿ, ಬಿಸಿಲು ತಿಂದು ಆದ ಗೆರೆ ಅದು. ಅದನ್ನು ಮರೆಮಾಡಲು ಒಂದು ಸಣ್ಣ ಮಡಿಕೆ ಹಾಕಬೇಕು, ಲಂಗಕ್ಕೆ ಹಾಕುತ್ತೇವಲ್ಲ ಹಾಗೆ. ಹೆಚ್ಚಿನವರು ಗೆರೆಯ ಮೇಲೇ ಮಡಿಸಿ ತಪ್ಪುತ್ತಾರೆ, ಬಿಳಿ ಗೆರೆ ಮಡಿಕೆಯ ತುದಿಗೆ ಬಂದು ಇನ್ನೂ ಎದ್ದು ಕಾಣುತ್ತದೆ. ಗೆರೆಗಿಂತ ಅರೆಕಾಲು ಇಂಚು ಮೇಲೆ ಮಡಿಸಿ, ಮಡಿಕೆಯ ತುದಿಯಿಂದ ಕಾಲಿಂಚು ಒಳಗೆ ಹೊಲಿಯಿರಿ. ಮಡಿಕೆಯನ್ನು ಕೆಳಮುಖವಾಗಿ ಇಸ್ತ್ರಿ ಮಾಡಿದರೆ ಗೆರೆ ಅದರ ಒಳಮೈಗೆ ಹೋಗಿ ಕಾಣದಾಗುತ್ತದೆ. ಇದಕ್ಕೆ ಅರ್ಧ ಇಂಚು ಉದ್ದ ಖರ್ಚಾಗುತ್ತದೆ, ಆದ್ದರಿಂದ ಅಂಚು ಇಳಿಸುವಾಗಲೇ ಅರ್ಧ ಇಂಚು ಹೆಚ್ಚು ಇಳಿಸಿಕೊಳ್ಳಿ.

ಒಳಗೆ ಬಟ್ಟೆಯೇ ಉಳಿದಿಲ್ಲದಿದ್ದರೆ ಒಳಪಟ್ಟಿ ಕೊಡಬೇಕು. ಅದೇ ಬಣ್ಣದ ಪಾಪ್ಲಿನ್ನಿನಲ್ಲಿ ಎರಡೂವರೆ ಇಂಚಿನ ಪಟ್ಟಿ ಕತ್ತರಿಸಿ, ಅಂಚಿನ ಕಾಲಿಂಚಿಗೆ ಹೊರಮೈಯಿಂದ ಹೊಲಿದು, ಒಳಕ್ಕೆ ತಿರುಗಿಸಿ. ನೇರ ಪ್ಯಾಂಟಿಗೆ ನೇರ ಪಟ್ಟಿ, ಘೇರಿನ ಸ್ಕರ್ಟಿಗೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿ. ಘೇರಿಗೆ ನೇರ ಪಟ್ಟಿ ಕೊಟ್ಟರೆ ಪಟ್ಟಿಯ ಮೇಲಂಚು ಹೆಚ್ಚಾಗಿ ಸುಕ್ಕುಗಟ್ಟುತ್ತದೆ. ಪಾಪ್ಲಿನ್ ಮೊದಲೇ ನೀರಲ್ಲಿ ನೆನೆಸಿರಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಪಟ್ಟಿಯೊಂದೇ ಕುಗ್ಗಿ ಅಂಚನ್ನು ಮೇಲಕ್ಕೆ ಎಳೆಯುತ್ತದೆ.

ನೆರಿಗೆ ಸ್ಕರ್ಟಿಗೆ ನೆರಿಗೆಗಳನ್ನು ಪೂರ್ತಿ ಬಿಡಿಸಿಟ್ಟು ಮೊದಲು ಅಂಚು ಹೊಲಿಯಿರಿ, ಆಮೇಲೆ ನೆರಿಗೆ ಕೂರಿಸಿ. ಕೂರಿಸುವಾಗ ಪ್ರತಿ ನೆರಿಗೆಗೂ ಮೇಲೆ, ಕೆಳಗೆ ಕಚ್ಚಾ ಹೊಲಿಗೆ (ಆಮೇಲೆ ತೆಗೆಯುವ ಸಡಿಲ ಹೊಲಿಗೆ) ಹಾಕಿ, ಒದ್ದೆ ಬಟ್ಟೆಯಿಟ್ಟು ಒತ್ತಿ, ಪೂರ್ತಿ ತಣ್ಣಗಾಗುವವರೆಗೆ ಅಲುಗಿಸಬೇಡಿ. ಬಿಸಿಯಿರುವಾಗಲೇ ಎತ್ತಿದ ನೆರಿಗೆ ಸಂಜೆಯೊಳಗೆ ಬಿಚ್ಚಿಕೊಳ್ಳುತ್ತದೆ.

ಪ್ಯಾಂಟಿನ ಕೈ ಹೆಮ್ಮಿಂಗ್ ವಾರಕ್ಕೇ ಬಿಚ್ಚಿಹೋಗುತ್ತದೆ ಎಂಬ ದೂರು ಎಲ್ಲ ಮನೆಯಲ್ಲೂ ಇದೆ. ಪ್ಯಾಂಟು ಹಾಕಿಕೊಳ್ಳುವ ಆತುರದಲ್ಲಿ ಹೆಬ್ಬೆರಳು ದಾರಕ್ಕೆ ಸಿಕ್ಕುತ್ತದೆ, ಒಂದು ಕಡೆ ಕಡಿದರೆ ಸುತ್ತಲೂ ಬಿಚ್ಚುತ್ತದೆ. ಕಾಲಿಂಚಿಗೊಂದು ಹೊಲಿಗೆ ಹಾಕಿ, ಹೊರಬಟ್ಟೆಯ ಒಂದೆರಡು ನೂಲನ್ನಷ್ಟೇ ಸೂಜಿಗೆ ತೆಗೆದುಕೊಳ್ಳಿ. ಪ್ರತಿ ಐದಾರು ಹೊಲಿಗೆಗೆ ಸೂಜಿಯನ್ನು ಹಿಂದಕ್ಕೆ ತಂದು ಅಲ್ಲೇ ಇನ್ನೊಂದು ಹೊಲಿಗೆ ಹಾಕಿ ಬಿಗಿಮಾಡಿ. ಆಗ ಕಡಿದರೂ ಬಿಚ್ಚುವುದು ಒಂದೂವರೆ ಇಂಚು ಮಾತ್ರ.

ಸೊಂಟ, ಎಲಾಸ್ಟಿಕ್, ಗುಂಡಿ

ಪ್ಯಾಂಟು, ಚಡ್ಡಿಯ ಸೊಂಟ ಬಿಡಿಸುವ ಜಾಗ ಹಿಂಭಾಗದ ನಡುಹೊಲಿಗೆ. ಒಳಗೆ ಎರಡೂ ಬದಿ ಒಂದೊಂದು ಇಂಚು ಮಾರ್ಜಿನ್ ಇದ್ದರೆ, ಎರಡೂ ಕಡೆ ಅರ್ಧರ್ಧ ಇಂಚು ಬಿಟ್ಟು ಒಟ್ಟು ಒಂದು ಇಂಚು ಧಾರಾಳವಾಗಿ ಸಿಗುತ್ತದೆ. ಇನ್ನೂ ಹೆಚ್ಚು ಬಿಚ್ಚಿದರೆ ಹಿಂದಿನ ಜೇಬುಗಳು ದೂರ ಸರಿದು ಅಂದ ಕೆಡುತ್ತದೆ. ಹೊಸ ಹೊಲಿಗೆಯನ್ನು ಸೊಂಟದಿಂದ ಶುರುಮಾಡಿ ತೊಡೆಸಂದಿನ ಹತ್ತಿರ ಹಳೇ ಹೊಲಿಗೆಗೆ ನಿಧಾನವಾಗಿ ಸೇರಿಸಿ, ಆ ತಿರುವಿನಲ್ಲಿ ಎರಡು ಸಾಲು ಹೊಲಿಯಿರಿ. ನೆಲದ ಮೇಲೆ ಕೂತೇಳುವ ಮಕ್ಕಳ ಪ್ಯಾಂಟು ಹರಿಯುವುದೇ ಅಲ್ಲಿ.

ಎಲಾಸ್ಟಿಕ್ ಸೊಂಟದ ಸುತ್ತಳತೆಗಿಂತ ಎರಡು ಇಂಚು ಕಡಿಮೆಯಿರಲಿ. 22 ಇಂಚು ಸೊಂಟಕ್ಕೆ 20 ಇಂಚು, ಜೊತೆಗೆ ಜೋಡಣೆಗೆ ಒಂದು ಇಂಚು. ಹಳೆಯದನ್ನು ಎಳೆದು ಹೊರಗೆ ಬಿಸಾಡಿ ಹೊಸದನ್ನು ತೂರಿಸಲು ಒದ್ದಾಡಬೇಡಿ. ಒಳಬದಿಯಲ್ಲಿ ಒಂದೂವರೆ ಇಂಚು ಹೊಲಿಗೆ ಬಿಚ್ಚಿ, ಹಳೇ ಎಲಾಸ್ಟಿಕ್ ಕತ್ತರಿಸಿ, ಅದರ ಒಂದು ತುದಿಗೆ ಹೊಸದನ್ನು ಪಿನ್ನಿನಿಂದ ಸೇರಿಸಿ, ಇನ್ನೊಂದು ತುದಿ ಎಳೆದರೆ ಹಳೆಯದು ಹೊರಬರುತ್ತ ಹೊಸದು ಒಳಹೋಗುತ್ತದೆ. ಹೊಸದರ ಕೊನೆ ಒಳಕ್ಕೆ ಜಾರದಂತೆ ಅದನ್ನು ಬಟ್ಟೆಗೇ ಪಿನ್ ಮಾಡಿರಿ. ತುದಿಗಳನ್ನು ಒಂದರ ಮೇಲೊಂದು ಒಂದು ಇಂಚು ಇಟ್ಟು ಚೌಕವಾಗಿ ಹೊಲಿಯಿರಿ. ತುದಿಗೆ ತುದಿ ತಾಗಿಸಿ ಹೊಲಿದರೆ ನಿಲ್ಲುವುದಿಲ್ಲ. ಎರಡೂ ಪಕ್ಕದ ಹೊಲಿಗೆಯ ನೇರಕ್ಕೆ ಎಲಾಸ್ಟಿಕ್ ಮೇಲೆ ಲಂಬವಾಗಿ ಒಂದು ಹೊಲಿಗೆ ಹಾಕಿದರೆ ಒಳಗೆ ತಿರುಚಿಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿ, ಕಡುಬಿಸಿಲಿಗೆ ಹಾಕಿದರೆ ರಬ್ಬರು ಬೇಗ ಸಾಯುತ್ತದೆ. ಚಡ್ಡಿಗಳನ್ನಾದರೂ ನೆರಳಲ್ಲಿ ಒಣಗಿಸಿ.

ಗುಂಡಿ ಉದುರುವುದಕ್ಕೆ ಕಾರಣ ದಾರ ಕಡಿಮೆಯಾದದ್ದಕ್ಕಿಂತ ಹೆಚ್ಚಾಗಿ ಬಿಗಿ ಜಾಸ್ತಿಯಾದದ್ದು. ಬಟ್ಟೆಗೆ ಅಂಟಿದಂತೆ ಹೊಲಿದ ಗುಂಡಿಗೆ ಕಾಜಾದ ದಪ್ಪ ಕೂರಲು ಜಾಗವಿಲ್ಲ, ಪ್ರತಿಸಲ ಹಾಕುವಾಗಲೂ ದಾರ ಸವೆಯುತ್ತದೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿಂದ ಜೋಡಿ ದಾರದಲ್ಲಿ ಪ್ರತಿ ಜೊತೆ ತೂತಿಗೂ ಮೂರು ಸಲ ಹೊಲಿದು, ಕಡ್ಡಿ ತೆಗೆದು, ಗುಂಡಿ ಮೇಲೆತ್ತಿ ಕೆಳಗಿನ ದಾರಕ್ಕೆ ಮೂರು ಸುತ್ತು ಸುತ್ತಿ ಗಂಟುಹಾಕಿ. ಗುಂಡಿ ಕಿತ್ತು ಬಟ್ಟೆಯೇ ಹರಿದಿದ್ದರೆ ಒಳಗೆ ಬೆರಳಗಲದ ತುಂಡು ಬಟ್ಟೆ ಇಟ್ಟು ಸೇರಿಸಿ ಹೊಲಿಯಿರಿ.

ಸರ್ಕಾರಿ ಶಾಲೆಯ ವಿದ್ಯಾವಿಕಾಸ ಯೋಜನೆಯಿಂದಲೋ ಬೇರೆ ಕಡೆಯಿಂದಲೋ ಹೊಲಿಯದ ಬಟ್ಟೆಯೇ ಕೈಗೆ ಬಂದರೆ, ಕತ್ತರಿಸುವ ಮುಂಚೆ ಎರಡು ಗಂಟೆ ನೀರಲ್ಲಿ ನೆನೆಸಿ, ಹಿಂಡದೆ ಒಣಹಾಕಿ. ಹತ್ತಿ ಹೆಚ್ಚಿದ್ದಷ್ಟೂ ಕುಗ್ಗುವುದೂ ಹೆಚ್ಚು.

ಮಷೀನಿನ ಮಾತೂ ಇಲ್ಲೇ ಹೇಳಿಬಿಡಬೇಕು. ಯೂನಿಫಾರ್ಮಿಗೆ 14ನೇ ನಂಬರ್ ಸೂಜಿ, ಬೆಲ್ಟಿನ ಕಡೆ ಪದರ ಹೆಚ್ಚಾದಾಗ 16. ಸೂಜಿಯ ಉದ್ದ ಗೀರು ಇರುವ ಬದಿಯಿಂದಲೇ ದಾರ ಪೋಣಿಸಬೇಕು, ತಿರುವುಮುರುವಾದರೆ ಹೊಲಿಗೆ ಬೀಳುವುದೇ ಇಲ್ಲ. ನಡುನಡುವೆ ಹೊಲಿಗೆ ತಪ್ಪುತ್ತಿದ್ದರೆ ಸೂಜಿ ಮೊಂಡಾಗಿದೆ. ಬಟ್ಟೆಯ ಅಡಿಯಲ್ಲಿ ದಾರ ಗೂಡುಕಟ್ಟಿದರೆ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ, ಆದರೆ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿಹಿಡಿಯುವ ಮಷೀನಿನ ಪಾದ ಮೇಲೆತ್ತಿ, ಮೇಲಿನ ದಾರ ಪೂರ್ತಿ ತೆಗೆದು, ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವಂತೆ ಮತ್ತೆ ಹಾಕಿ. ಎಣ್ಣೆ ಬಿಟ್ಟ ದಿನ ಮೊದಲು ಚಿಂದಿಯ ಮೇಲೆ ಐದು ನಿಮಿಷ ಓಡಿಸಿ, ಬಿಳಿ ಶರ್ಟು ಆಮೇಲೆ. ರೇನ್‌ಕೋಟಿಗೆ ಮಾತ್ರ ಮಷೀನು ಬೇಡ. ಸೂಜಿ ಹೋದಲ್ಲೆಲ್ಲ ನೀರು ಸೋರುತ್ತದೆ, ಅದಕ್ಕೆ ಅಂಟಿಸುವ ತೇಪೆಯೇ ಸರಿ.

ಉಳಿದ ದಿನಗಳಿಗೆ ಒಂದು ಕೌದಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆಗೂ ಕೌದಿಗೂ ಬಿಡಿಸಲಾಗದ ನಂಟು. ಕೈಗೆ ಬಿಡುವಿರುತ್ತದೆ, ಹೊಲಿದದ್ದನ್ನು ಒಗೆದು ಒಣಗಿಸಲು ಬಿಸಿಲಿರುತ್ತದೆ. ಮಳೆ ಹಿಡಿದ ಮೇಲೆ ಮುಗಿಸಿದ ಕೌದಿಯ ಒಳಪದರ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ.

ಮಗುವಿನ ಕೌದಿಗೆ ಮೆತ್ತಗಾದ ಒಂದು ಹತ್ತಿ ಸೀರೆ ಸಾಕು. ಐದೂವರೆ ಮೀಟರಿನ ಸೀರೆಯನ್ನು ನಾಲ್ಕು ಸಮಪಾಲು ಮಾಡಿದರೆ ಸುಮಾರು 135 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲದ ನಾಲ್ಕು ಪದರ ಸಿಗುತ್ತವೆ. ಹರಿದ ಭಾಗ ಒಳಪದರಕ್ಕೆ ಹೋಗಲಿ, ಗಟ್ಟಿ ಭಾಗ ಮೇಲೆ, ಕೆಳಗೆ. ಜರಿ ಅಂಚು ಕತ್ತರಿಸಿ ತೆಗೆಯಿರಿ, ಮಗುವಿನ ಮೈಗೆ ಚುಚ್ಚುತ್ತದೆ. ಸಿಂಥೆಟಿಕ್ ಸೀರೆ ಸೇರಿಸಬೇಡಿ. ಅದು ಜಾರಿ ಪದರಗಳನ್ನು ಓರೆ ಮಾಡುತ್ತದೆ, ಬೆವರನ್ನೂ ಹೀರುವುದಿಲ್ಲ. ಐದಕ್ಕಿಂತ ಹೆಚ್ಚು ಪದರವಾದರೆ ಸೂಜಿ ತಳ್ಳುವ ಬೆರಳಿಗೂ ಕಷ್ಟ, ಒಣಗುವುದಕ್ಕೂ ಕಷ್ಟ.

ಪದರಗಳನ್ನು ನೆಲದ ಮೇಲೆ ಹಾಸಿ, ಒಂದೊಂದಾಗಿ ಕೈಯಾಡಿಸಿ ಸುಕ್ಕು ತೆಗೆದು, ಗೇಣಿಗೊಂದರಂತೆ ಕಚ್ಚಾ ಹೊಲಿಗೆಯ ಸಾಲು ಹಾಕಿ. ಇದನ್ನು ಬಿಟ್ಟು ಹೊಲಿಯಲು ಕೂತರೆ ಒಳಪದರ ಸರಿದು ಕೊನೆಗೆ ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ, ಮತ್ತೆಲ್ಲ ಬಿಚ್ಚಬೇಕಾಗುತ್ತದೆ. ನಾಲ್ಕೂ ಅಂಚನ್ನು ಒಳಕ್ಕೆ ಮಡಿಸಿ ಹೊಲಿದು, ಆಮೇಲೆ ಇಂಚಿಗೊಂದು ಸಾಲಿನಂತೆ ಉದ್ದುದ್ದಕ್ಕೆ ಹೊಲಿಯುತ್ತ ಹೋಗಿ. ಸುಮಾರು 45 ಸಾಲಾಗುತ್ತದೆ. ಸಾಲುಗಳ ಉದ್ದವೇ 60 ಮೀಟರ್, ಪದರಗಳಲ್ಲಿ ಇಳಿದೇಳುವುದು, ಗಂಟು, ಅಂಚು ಎಲ್ಲ ಸೇರಿ 80 ಮೀಟರ್ ಅಂದುಕೊಳ್ಳಿ. ಜೋಡಿ ದಾರವಾದರೆ 160 ಮೀಟರ್. ಒಂದೇ ಬಣ್ಣ ಬೇಕಿದ್ದರೆ ಮೊದಲೇ ಅಷ್ಟೂ ತಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದು ಮಾರಿಗಿಂತ ಉದ್ದ ದಾರ ಪೋಣಿಸಬೇಡಿ, ಸಿಕ್ಕಾಗುತ್ತದೆ. ಪ್ರತಿ ಸಾಲಿನ ಕೊನೆಗೆ ಕೈಯಿಂದ ಸಾಲನ್ನು ಸವರಿ ದಾರ ಸಡಿಲಿಸಿ, ಬಿಗಿ ಎಳೆದರೆ ಕೌದಿ ಮುದುಡುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯ ದಾರಿ ಬೇರೆ. ಅವರು ಅಂಚಿನಿಂದ ಹೊರಟು, ತುಂಡು ಬಟ್ಟೆಗಳನ್ನು ಸೇರಿಸುತ್ತ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಸಿದ ಬಟ್ಟೆಯ ‘ಫುಲ’ ಇಡುತ್ತಾರೆ. ಯೂನಿಫಾರ್ಮಿನ ಕೆಲಸದಲ್ಲಿ ಉಳಿದ ಚಿಂದಿಗೆ ಈ ಬಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಮೂಲೆ ಬೇಗ ಸವೆಯುವ ಜಾಗವಾದ್ದರಿಂದ ಅಲ್ಲೊಂದು ಪದರ ಹೆಚ್ಚಿದ್ದರೆ ಒಳ್ಳೆಯದೇ.

ಮನೆಯಲ್ಲಿ ಅಜ್ಜಿಯಿದ್ದರೆ ಒಂದು ತುದಿ ಅವರಿಗೆ ಬಿಟ್ಟುಕೊಡಿ. ಬೆಳಿಗ್ಗೆ ಮಕ್ಕಳ ಕೈಯಲ್ಲಿ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡಿಸಿದರೆ ಅವರು ಯಾರನ್ನೂ ಕರೆಯದೆ ಮಧ್ಯಾಹ್ನದವರೆಗೆ ಹೊಲಿಯಬಹುದು. ಸಂಜೆ ಎದ್ದೇಳುವಾಗ ಆ ಹತ್ತು ಸೂಜಿ ಎಣಿಸಿಯೇ ಕೌದಿ ಮಡಿಸಿ. ಕಚ್ಚಾ ಹೊಲಿಗೆಯ ದಾರವನ್ನು ಕೊನೆಯ ಸಾಲು ಮುಗಿದ ಮೇಲೆ ತೆಗೆದು, ತಣ್ಣೀರಲ್ಲಿ ಒಗೆದು, ಹಗ್ಗಕ್ಕೆ ನೇತುಹಾಕದೆ ಟೆರೇಸಿನ ಮೇಲೆ ಚಾಪೆ ಹಾಸಿ ಹರಡಿ. ಹಗ್ಗದ ಮೇಲೆ ನೀರಿನ ಭಾರಕ್ಕೆ ಹೊಸ ಹೊಲಿಗೆ ಎಳೆಯುತ್ತದೆ. ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ, ಬಿಸಿಲು ಇಳಿಯುವ ಮುಂಚೆ ಒಳಗೆ ತನ್ನಿ.